‘ಸಿಗಲಿಲ್ಲ’ ಎಂಬ ಉತ್ತರವನ್ನು ನಂಬಬಹುದೆ? ಲಿನಕ್ಸ್‌ನಲ್ಲಿ ಕಡತ ಹುಡುಕಾಟದ ಒಂದು ವಿಮರ್ಶೆ

ಲಿನಕ್ಸ್ ಬಳಸುವ ಓದುಗರಲ್ಲಿ ಹಲವರಿಗೆ ಈ ಅನುಭವ ಆಗಿರಬಹುದು. ಒಂದು ವಿತರಣೆಯನ್ನು ಬಿಟ್ಟು ಇನ್ನೊಂದನ್ನು ಗಣಕಕ್ಕೆ ಅಳವಡಿಸಿರುತ್ತೀರಿ. ಕಡತಗಳ ಕಿಟಕಿ ತೆರೆದು ಹುಡುಕುವ ಗುಂಡಿ ಎಲ್ಲಿದೆ ಎಂದು ಕಣ್ಣಾಡಿಸಿದರೆ ಅದು ಕಾಣುವುದಿಲ್ಲ. ಮೆನುಗಳನ್ನೆಲ್ಲ ಜಾಲಾಡಿದರೂ ಇಲ್ಲ. ಇನ್ನು ಕೆಲವರ ಪಾಡು ಬೇರೆ. ಗುಂಡಿ ಇದೆ, ಹೆಸರು ಬರೆದರೆ ‘ಸಿಗಲಿಲ್ಲ’ ಎಂಬ ಉತ್ತರವೂ ಬರುತ್ತದೆ. ಆದರೆ ಕಡತ ಗಣಕದಲ್ಲೇ ಇದೆ. ಮೊದಲನೆಯದು ಬರಿಯ ತೊಂದರೆ. ಎರಡನೆಯದು ತಪ್ಪು ಮಾಹಿತಿ. ಇವೆರಡನ್ನೂ ಒಟ್ಟಿಗೆ ನೋಡಬೇಕೆಂಬುದು ಈ ಲೇಖನದ ಉದ್ದೇಶ.

ಗುಂಡಿ ಕಾಣೆಯಾದದ್ದು ಏಕೆ ಎಂದು ತಿಳಿಯಲು ಒಂದು ಹಿನ್ನೆಲೆ ಬೇಕು. ಲಿನಕ್ಸ್ ಎಂಬುದು ಕಾರ್ಯಾಚರಣ ವ್ಯವಸ್ಥೆಯ ತಿರುಳು ಮಾತ್ರ. ನೀವು ಪರದೆಯ ಮೇಲೆ ಕಾಣುವ ಕಿಟಕಿ, ಮೆನು, ಫೋಲ್ಡರ್‌ಗಳು ಬೇರೆ ತಂಡಗಳ ಕೆಲಸ. ಗ್ನೋಮ್ ತಂಡದ ಫೈಲ್ ಮ್ಯಾನೇಜರ್ ನಾಟಿಲಸ್, ಕೆಡಿಇಯದು ಡಾಲ್ಫಿನ್, ಎಕ್ಸ್‌ಎಫ್‌ಸಿಇಯದು ಥುನಾರ್, ಲಿನಕ್ಸ್ ಮಿಂಟ್‌ನ ಸಿನಮನ್‌ನದು ನೀಮೋ. ಕೆಲವು ತಮ್ಮ ಹೆಸರು ಹೇಳಿಕೊಳ್ಳದೆ ಬರೀ ‘ಫೈಲ್ಸ್’ ಎಂಬ ಹೆಸರಿನಲ್ಲಿ ಕುಳಿತಿರುತ್ತವೆ. ಆದ್ದರಿಂದ ಮೊದಲು ಮೆನುವಿನಲ್ಲಿ ‘ಅಬೌಟ್’ ಎಂಬುದನ್ನು ತೆರೆದು, ನಿಮ್ಮಲ್ಲಿರುವುದು ಯಾವುದು, ಅದರ ಆವೃತ್ತಿ ಎಷ್ಟನೆಯದು ಎಂದು ಬರೆದುಕೊಳ್ಳಿ. ಮುಂದಿನದೆಲ್ಲ ಈ ಎರಡು ಸಂಗತಿಗಳನ್ನು ಅವಲಂಬಿಸಿದೆ.

ಥುನಾರ್‌ನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಾಲೇಜುಗಳ ಹಳೆಯ ಗಣಕಗಳಿಗೆ ಹಗುರವಾದ ಎಕ್ಸ್‌ಎಫ್‌ಸಿಇ ಚೆನ್ನಾಗಿ ಒಗ್ಗುತ್ತದೆ. ಹಾಗಾಗಿ ಅಲ್ಲಿ ಸಿಗುವುದು ಹೆಚ್ಚಾಗಿ ಇದೇ. 2007ರ ಜನವರಿಯಲ್ಲಿ ಎಕ್ಸ್‌ಎಫ್‌ಸಿಇ 4.4ರ ಜೊತೆ ಥುನಾರ್ ಬಂದಾಗ ಅದರಲ್ಲಿ ಹುಡುಕಾಟ ಇರಲಿಲ್ಲ. ಕಿಟಕಿಯಲ್ಲಿ ಅಕ್ಷರ ಒತ್ತಿದರೆ ಅದೇ ಫೋಲ್ಡರಿನಲ್ಲಿ ಆ ಅಕ್ಷರದಿಂದ ಆರಂಭವಾಗುವ ಹೆಸರಿಗೆ ಜಿಗಿಯುತ್ತಿತ್ತು, ಅಷ್ಟೆ. ಒಳಗಿನ ಫೋಲ್ಡರುಗಳನ್ನು ಹೊಕ್ಕು ನೋಡುವ ಹುಡುಕಾಟ ಥುನಾರ್‌ಗೆ ಬಂದದ್ದು 2022ರ ಡಿಸೆಂಬರ್‌ನಲ್ಲಿ, 4.18ರ ಜೊತೆಗೆ. ಅಂದರೆ ಸುಮಾರು 16 ವರ್ಷ ಅದು ಹುಡುಕಾಟವಿಲ್ಲದೆಯೇ ಕಳೆಯಿತು. ಡೆಬಿಯನ್ 11ರಲ್ಲಿ ಇದ್ದದ್ದು 4.16, 4.18 ದೊರೆತದ್ದು 2023ರ ಡೆಬಿಯನ್ 12ರಲ್ಲಿ. ನಿಮ್ಮ ಗಣಕದಲ್ಲಿ ಹಳೆಯ ಆವೃತ್ತಿ ಇದ್ದರೆ ಗುಂಡಿ ಕೆಟ್ಟಿಲ್ಲ, ಅದು ಇನ್ನೂ ಹುಟ್ಟಿಯೇ ಇಲ್ಲ ಎಂದು ತಿಳಿಯಿರಿ.

ಇದು ಮರೆವಿನಿಂದ ಆದುದಲ್ಲ. ಒಂದು ತಂತ್ರಾಂಶ ಒಂದೇ ಕೆಲಸ ಮಾಡಲಿ, ಅದನ್ನು ಚೆನ್ನಾಗಿ ಮಾಡಲಿ ಎಂಬುದು ಯೂನಿಕ್ಸ್‌ನ ಹಳೆಯ ಸಂಪ್ರದಾಯ. ಹುಡುಕಲು 1970ರ ದಶಕದಿಂದಲೂ ‘ಫೈಂಡ್’ ಎಂಬ ಆದೇಶವಿದೆ. ಕಿಟಕಿಯಲ್ಲೇ ಹುಡುಕಬೇಕೆಂದರೆ ‘ಕ್ಯಾಟ್‌ಫಿಶ್’ ಎಂಬ ಪ್ರತ್ಯೇಕ ತಂತ್ರಾಂಶವಿದೆ. ಥುನಾರ್‌ನ ‘ಕಸ್ಟಮ್ ಆ್ಯಕ್ಷನ್’ ಮೂಲಕ ಅದನ್ನು ಬಲಗುಂಡಿಯ ಮೆನುವಿಗೆ ಸೇರಿಸಿಕೊಳ್ಳಲೂ ಬಹುದು. ಹಳೆಯ ಆವೃತ್ತಿ ಇರುವವರಿಗೆ ಇವತ್ತಿಗೂ ನಾನು ಹೇಳುವ ಪರಿಹಾರ ಇದೇ. ತತ್ತ್ವ ಒಪ್ಪತಕ್ಕದ್ದೇ. ಆದರೆ ಕೆಲಸವನ್ನು ಬೇರೆಯವರಿಗೆ ಬಿಟ್ಟವನು ‘ಅದು ಅಲ್ಲಿ ಸಿಗುತ್ತದೆ’ ಎಂದು ದಾರಿ ತೋರಿಸಬೇಕಲ್ಲವೆ? ಮೆನುವಿನಲ್ಲಿ ಒಂದು ಸಾಲು ಸಾಕಿತ್ತು.

ಗ್ನೋಮ್‌ನಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಗ್ನೋಮ್ 2ರ ‘ಪ್ಲೇಸಸ್’ ಮೆನುವಿನಲ್ಲಿ ‘ಸರ್ಚ್ ಫಾರ್ ಫೈಲ್ಸ್’ ಎಂಬ ಪ್ರತ್ಯೇಕ ಸಾಧನವಿತ್ತು. 2011ರಲ್ಲಿ ಬಂದ ಗ್ನೋಮ್ 3 ಮೇಜಿನ ರೂಪವನ್ನೇ ಬದಲಿಸಿತು. 2012ರ ನಾಟಿಲಸ್ 3.6ರಲ್ಲಿ ಅಕ್ಷರ ಒತ್ತಿದರೆ ಆ ಹೆಸರಿಗೆ ಜಿಗಿಯುವ ಹಳೆಯ ಸೌಲಭ್ಯ ಹೋಗಿ, ಒತ್ತಿದ ಕೂಡಲೇ ಒಳಫೋಲ್ಡರುಗಳಲ್ಲೆಲ್ಲ ಹುಡುಕಾಟ ಆರಂಭವಾಗತೊಡಗಿತು. ಜೊತೆಗೆ ಎರಡು ಫೋಲ್ಡರುಗಳನ್ನು ಒಂದೇ ಕಿಟಕಿಯಲ್ಲಿ ಪಕ್ಕಪಕ್ಕ ಇಡುವ ವ್ಯವಸ್ಥೆಯೂ ಹೋಯಿತು. ಮಿಂಟ್ ತಂಡ 3.4ರಿಂದ ಕವಲೊಡೆದು ನೀಮೋ ಕಟ್ಟಿದ್ದು ಅದೇ ವರ್ಷ. ಒಂದೇ ಫೋಲ್ಡರಿನಲ್ಲಿ ‘ಲ್ಯಾಬ್ 1’ರಿಂದ ‘ಲ್ಯಾಬ್ 60’ರವರೆಗೆ ಜೋಡಿಸಿಟ್ಟವನಿಗೆ ಜಿಗಿತವೇ ಬೇಕು, ಹುಡುಕಾಟ ಅಡ್ಡಿ. ಎಲ್ಲಿಟ್ಟೆನೆಂದು ಮರೆತವನಿಗೆ ಹುಡುಕಾಟವೇ ಬೇಕು. ಒಂದನ್ನು ಕೊಡಲು ಇನ್ನೊಂದನ್ನು ಕಿತ್ತುಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ಆದರೂ ನಾಟಿಲಸ್‌ನ ಒಂದು ಗುಣವನ್ನು ಹೇಳಲೇಬೇಕು. ಅದರ ಆಯ್ಕೆಗಳಲ್ಲಿ ಒಳಫೋಲ್ಡರುಗಳಲ್ಲಿ ಯಾವಾಗ ಹುಡುಕಬೇಕು ಎಂಬುದಕ್ಕೆ ಮೂರು ಉತ್ತರಗಳಿವೆ: ಈ ಗಣಕದಲ್ಲಿ ಮಾತ್ರ, ಎಲ್ಲ ಕಡೆ, ಎಂದೂ ಬೇಡ. ಮೊದಲನೆಯದನ್ನು ಆರಿಸಿದ್ದು, ಜಾಲದ ಮೂಲಕ ಇನ್ನೊಂದು ಗಣಕದ ಫೋಲ್ಡರ್ ತೆರೆದು ಹುಡುಕಿದರೆ ಒಳಫೋಲ್ಡರುಗಳನ್ನು ಅದು ನೋಡುವುದಿಲ್ಲ. 2017ರ ಸುಮಾರಿನ ಆವೃತ್ತಿಗಳಲ್ಲಿ ಈ ಸಂದರ್ಭದಲ್ಲಿ, ಇದು ದೂರದ ತಾಣ, ಈಗಿನ ಫೋಲ್ಡರಿನಲ್ಲಿ ಮಾತ್ರ ಹುಡುಕುತ್ತಿದ್ದೇನೆ ಎಂಬರ್ಥದ ಒಂದು ಸಾಲು ಕಿಟಕಿಯಲ್ಲಿ ಕಾಣುತ್ತಿತ್ತು. ಇಡೀ ತಂತ್ರಾಂಶದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸಾಲು ಅದು.

ಏಕೆ ಎಂದರೆ, ಪ್ರಯೋಗಾಲಯದಲ್ಲಿ ನಾವು ವಿದ್ಯಾರ್ಥಿಗಳಿಗೆ ಮೊದಲು ಕಲಿಸುವುದೇ ಅದನ್ನು. ಪೊಟೆನ್ಷಿಯೋಮೀಟರ್ ಪ್ರಯೋಗವನ್ನು ನೆನಪಿಸಿಕೊಳ್ಳಿ. ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಯ ಮೇಲೆ ನಿಂತರೆ ಸಮತೋಲನ ಬಿಂದು ಸಿಕ್ಕಿತೆನ್ನುತ್ತೇವೆ. ಆದರೆ ತಂತಿ ಎಲ್ಲಾದರೂ ಕಡಿದಿದ್ದರೂ ಮುಳ್ಳು ಸೊನ್ನೆಯ ಮೇಲೇ ನಿಂತಿರುತ್ತದೆ. ಆದ್ದರಿಂದಲೇ ಜಾಕಿಯನ್ನು ತಂತಿಯ ಎರಡೂ ತುದಿಗೆ ಮುಟ್ಟಿಸಿ, ಮುಳ್ಳು ಎರಡು ದಿಕ್ಕಿಗೂ ಓಡುವುದನ್ನು ನೋಡಿದ ಮೇಲಷ್ಟೇ ಸೊನ್ನೆಗೆ ಬೆಲೆ. ಅಳೆದು ಬಂದ ಸೊನ್ನೆ ಬೇರೆ, ಅಳೆಯದೆ ಉಳಿದ ಸೊನ್ನೆ ಬೇರೆ. ‘ಸಿಗಲಿಲ್ಲ’ ಎಂಬ ಒಂದೇ ಮಾತಿನಲ್ಲಿ ಫೈಲ್ ಮ್ಯಾನೇಜರುಗಳು ಈ ಎರಡನ್ನೂ ಬೆರೆಸಿಬಿಡುತ್ತವೆ.

ಬೆರೆಯುವುದು ಎಲ್ಲಿ ಎಂದು ನೋಡಿ. ಬೇಗ ಉತ್ತರ ಕೊಡಲು ಹಲವು ಸಾಧನಗಳು ಡಿಸ್ಕನ್ನು ನೋಡದೆ, ಮೊದಲೇ ಸಿದ್ಧಪಡಿಸಿದ ಸೂಚಿಯನ್ನು ನೋಡುತ್ತವೆ. ಪುಸ್ತಕದ ಕೊನೆಯ ಪದಸೂಚಿ ಇದ್ದಂತೆ. ಡಾಲ್ಫಿನ್‌ನ ಹಿಂದೆ 2014ರಿಂದ ‘ಬಲೂ’ ಎಂಬ ಸೂಚಿಕಾರನಿದ್ದಾನೆ. ಸೂಚಿ ಅರ್ಧ ಆಗಿರುವಾಗ ಕೇಳಿದರೆ ಉತ್ತರವೂ ಅರ್ಧ. ‘ಲೊಕೇಟ್’ ಆದೇಶದ ಸೂಚಿ ಸಾಮಾನ್ಯವಾಗಿ ದಿನಕ್ಕೊಮ್ಮೆ ಹೊಸದಾಗುತ್ತದೆ. ಡೆಬಿಯನ್ ಬಗೆಯ ವಿತರಣೆಗಳಲ್ಲಿ ‘ಮೀಡಿಯಾ’ ಫೋಲ್ಡರ್, ಅಂದರೆ ನೀವು ಸಿಕ್ಕಿಸಿದ ಪೆನ್‌ಡ್ರೈವ್ ತೆರೆದುಕೊಳ್ಳುವ ಜಾಗ, ಆ ಸೂಚಿಯಿಂದ ಹೊರಗೇ ಉಳಿಯುತ್ತದೆ. ಚುಕ್ಕಿಯಿಂದ ಆರಂಭವಾಗುವ ಹೆಸರುಗಳು ಅಡಗಿದ ಕಡತಗಳು. ಅವು ಬೇಕೆಂದು ಹೇಳದಿದ್ದರೆ ಫೈಲ್ ಮ್ಯಾನೇಜರುಗಳು ಸಾಮಾನ್ಯವಾಗಿ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇದರ ಬೆಲೆ ಏನೆಂದು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಲೀ ತಟ್ಟೆಯ ಪ್ರಯೋಗ ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿನಿ ಬೆಳಿಗ್ಗೆ ತಾಪಮಾನದ ಪಟ್ಟಿಯನ್ನು ಗಣಕದಲ್ಲಿ ಉಳಿಸಿದ್ದಳು. ಮಧ್ಯಾಹ್ನ ಹುಡುಕಲು ಹೋದರೆ ಆ ಗಣಕದ ಥುನಾರ್‌ನಲ್ಲಿ ಗುಂಡಿಯೇ ಇರಲಿಲ್ಲ. ಗೆಳತಿ ಹೇಳಿಕೊಟ್ಟಂತೆ ‘ಲೊಕೇಟ್’ ಎಂದು ಬರೆದಳು. ಸೂಚಿ ಹಿಂದಿನ ದಿನದ್ದು. ಉತ್ತರ ಬರಲಿಲ್ಲ. ಪಾಪ, ಉಳಿಸಲು ಮರೆತೆನೆಂದುಕೊಂಡು ಉಗಿ ಹಾಯಿಸಿ, ಸ್ಥಿರ ತಾಪಕ್ಕೆ ಕಾದು, ಇಡೀ ಪ್ರಯೋಗವನ್ನು ಮತ್ತೆ ಮಾಡಿದಳು. ಕಡತ ಅವಳ ಫೋಲ್ಡರಿನ ಒಳಗಿನ ಫೋಲ್ಡರಿನಲ್ಲಿ ಸುಖವಾಗಿತ್ತು.

ಹಾಗಾಗಿ ನನ್ನ ಸಲಹೆ ಜಾಕಿಯದೇ. ‘ಸಿಗಲಿಲ್ಲ’ ಎಂದು ಬಂದರೆ ನಂಬುವ ಮುನ್ನ, ನಿಮ್ಮ ಕಡತ ಇರಬಹುದಾದ ಜಾಗದಲ್ಲೇ ಒಂದು ಒಳಫೋಲ್ಡರ್ ಮಾಡಿ, ಅದರಲ್ಲಿ ‘ಪರೀಕ್ಷೆ 123’ ಎಂಬ ಖಾಲಿ ಕಡತ ಇಟ್ಟು ಅದನ್ನು ಹುಡುಕಿ. ಅದೂ ಸಿಗದಿದ್ದರೆ ಕೆಟ್ಟಿರುವುದು ಸಾಧನ, ಕಳೆದಿರುವುದು ಕಡತವಲ್ಲ. ಆಗ ಒಳಫೋಲ್ಡರುಗಳ ಆಯ್ಕೆ ನೋಡಿ, ಸೂಚಿ ಪೂರ್ಣವಾಗಿದೆಯೆ ನೋಡಿ. ಡಾಲ್ಫಿನ್ ಆದರೆ ‘ಕೆಐಒ ಎಕ್ಸ್‌ಟ್ರಾಸ್’ ಎಂಬ ಜೊತೆ ಪ್ಯಾಕೇಜ್ ಅಳವಡಿಸಿದೆಯೆ ನೋಡಿ; ಸೂಚಿ ಇಲ್ಲದೆ ಹೆಸರು ಹುಡುಕುವ ಭಾಗ ಅದರೊಳಗಿದೆ. ಯಾವುದೂ ಆಗದಿದ್ದರೆ ‘ಫೈಂಡ್’ ಇದ್ದೇ ಇದೆ. ಅದು ನಿಧಾನಿ, ಆದರೆ ಡಿಸ್ಕನ್ನೇ ನೋಡುತ್ತದೆ. ಓದಲು ಅನುಮತಿ ಇಲ್ಲದ ಫೋಲ್ಡರ್ ಎದುರಾದರೆ ಹಾಗೆಂದು ಬಾಯಿಬಿಟ್ಟು ಹೇಳುತ್ತದೆ.

ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ತೊಡಕಿದೆ. ‘ಪ್ರಯೋಗ’ ಎಂಬ ಪದವನ್ನೇ ತೆಗೆದುಕೊಳ್ಳಿ. ಅದರ ‘ಯೋ’ದಲ್ಲಿರುವ ಓಕಾರ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಡಿಸ್ಕಿನ ಮೇಲೆ ಬೇರೆ ಬೇರೆ. ಹಳೆಯ ಮ್ಯಾಕಿಂಟಾಷ್‌ಗಳ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್‌ನ ಕಡತ ವ್ಯವಸ್ಥೆಗಳು ಸಾಮಾನ್ಯವಾಗಿ ಕೊಟ್ಟದ್ದನ್ನು ಕೊಟ್ಟಂತೆ ಇಡುತ್ತವೆ. ಇಲ್ಲಿ ನಾನು ಹೊಗಳಿದ ‘ಫೈಂಡ್’ ಸೋಲುತ್ತದೆ; ಒಂದು ರೂಪದಲ್ಲಿ ಕೇಳಿದರೆ ಇನ್ನೊಂದನ್ನು ಅದು ಗುರುತಿಸದು. ನಾಟಿಲಸ್ ಮಾತ್ರ ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಆದರೆ ಅದಕ್ಕೂ ಸಿಕ್ಕದ್ದೊಂದಿದೆ. ‘ಲ್ಯಾಬ್’ ಎಂಬಂಥ ಅರ್ಧಾಕ್ಷರದ ನಂತರ ಮುಂದಿನ ಅಕ್ಷರ ಒತ್ತಾಗದಂತೆ ತಡೆಯಲು ಅಗಲವಿಲ್ಲದ ಒಂದು ಸಂಕೇತ ಬಳಸುತ್ತೇವೆ. ಪದದ ಕೊನೆಯಲ್ಲಿ ಅದು ಉಳಿದುಬಿಟ್ಟರೆ ಕಣ್ಣಿಗೆ ಕಾಣದು, ಹೋಲಿಕೆಯನ್ನು ಮಾತ್ರ ಕೆಡಿಸುತ್ತದೆ. ಸಂಶಯ ಬಂದಾಗ ಹೆಸರಿನ ಒಂದು ತುಂಡನ್ನು, ಓಕಾರವೂ ಅರ್ಧಾಕ್ಷರವೂ ಇಲ್ಲದ ತುಂಡನ್ನು, ಕೊಟ್ಟು ಹುಡುಕಿ.

ಕಡತದ ಒಳಗಿನ ಪದ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಕಂದಕವಿದೆ. ಯೂನಿಕೋಡ್ ಪೂರ್ವದ ನುಡಿ, ಬರಹ ಅಕ್ಷರಗಳಲ್ಲಿ ಬರೆದಿಟ್ಟ ಪಾಠ, ಪ್ರಶ್ನೆಪತ್ರಿಕೆ, ಲೇಖನಗಳು ನಮ್ಮಲ್ಲಿ ರಾಶಿ ಇವೆ. ಅವುಗಳಲ್ಲಿ ಕನ್ನಡ ಕಾಣುವುದು ಅಕ್ಷರ ವಿನ್ಯಾಸದಿಂದ. ಒಳಗಿರುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತಗಳು. ‘ಉಷ್ಣ’ ಎಂದು ಯೂನಿಕೋಡ್‌ನಲ್ಲಿ ಕೇಳಿದರೆ ಅವುಗಳಲ್ಲಿ ಒಂದೂ ಸಿಗುವುದಿಲ್ಲ, ಉಷ್ಣದ ಮೇಲೆಯೇ ನೂರು ಪುಟ ಇದ್ದರೂ. ಪರಿವರ್ತಕ ತಂತ್ರಾಂಶಗಳಿಂದ ಅವನ್ನು ಬದಲಿಸುವವರೆಗೆ ಯಾವ ಫೈಲ್ ಮ್ಯಾನೇಜರಿನಿಂದಲೂ ಇದು ಆಗದು. ಕನಿಷ್ಠ ಕಡತದ ಹೆಸರನ್ನಾದರೂ ಈಗಲೇ ಯೂನಿಕೋಡ್‌ನಲ್ಲಿ, ವಿಷಯ ಮತ್ತು ವರ್ಷ ಸೇರಿಸಿ ಬದಲಿಸಿಡಿ. ಪರಿವರ್ತಿಸಿದ ಪ್ರತಿಯನ್ನು ಮೂಲದ ಪಕ್ಕದಲ್ಲೇ ಇಡಿ, ಮೂಲವನ್ನು ಅಳಿಸಬೇಡಿ. ಪರಿವರ್ತನೆಯಲ್ಲಿ ಒತ್ತಕ್ಷರಗಳೂ ಸಮೀಕರಣಗಳೂ ಕೆಡುವುದುಂಟು.