ಕಳಚಬಾರದ ಕೊಂಡಿ: ವಸ್ತ್ರಸಂಗ್ರಹಗಳ ಸ್ಥಳಾಂತರ ಮತ್ತು ಕೊಪ್ಪಳ ಸೀಮೆಯ ಉಡುಗೆ

ವಸ್ತುಸಂಗ್ರಹಾಲಯವೊಂದರ ಹಳೆಯ ಉಡುಪುಗಳನ್ನು ಒಂದು ಉಗ್ರಾಣದಿಂದ ಮತ್ತೊಂದಕ್ಕೆ ಸಾಗಿಸುವುದನ್ನು ಸಾಮಾನ್ಯವಾಗಿ ಆಡಳಿತದ ಕೆಲಸವೆಂದು ಭಾವಿಸಲಾಗುತ್ತದೆ. ಪೆಟ್ಟಿಗೆ, ವಾಹನ, ಪಟ್ಟಿ, ಸಹಿ ಇಷ್ಟರಲ್ಲಿ ಅದು ಮುಗಿಯುತ್ತದೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಇದು ವಿಮರ್ಶೆಗೆ ಒಳಪಡಬೇಕಾದ ಕ್ರಿಯೆ. ಕಪಾಟಿನಲ್ಲಿದ್ದ ಪ್ರತಿಯೊಂದು ಬಟ್ಟೆಯನ್ನೂ ಕೈಗೆತ್ತಿಕೊಂಡು ಅದು ಏನು, ಯಾರದು, ಎಲ್ಲಿಯದು ಎಂದು ಕೇಳಲೇಬೇಕಾದ ಸಂದರ್ಭ ಅದೊಂದೇ. ಆಗ ಉತ್ತರ ದೊರೆಯದ ಬಟ್ಟೆ ಹೊಸ ಕಟ್ಟಡದಲ್ಲಿ ಸುರಕ್ಷಿತವಾಗಿದ್ದೂ ಅನಾಥವಾಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳ ಉಡುಗೆಯನ್ನು ಮುಂದಿಟ್ಟುಕೊಂಡು ಪ್ರಸ್ತುತ ಲೇಖನವು ಈ ಸಮಸ್ಯೆಯನ್ನು ಪರಿಶೀಲಿಸುತ್ತದೆ.

ಈ ಸೀಮೆಗೆ ಚಾರಿತ್ರಿಕ ಸಂಬಂಧವಿರುವ ದೊಡ್ಡ ಸ್ಥಳಾಂತರವೊಂದು ಹೈದರಾಬಾದಿನಲ್ಲಿ ನಡೆದಿದೆ. ನಿಜಾಮರ ಆಳ್ವಿಕೆಯಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ಪ್ರದೇಶಗಳು ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಮೂರನೆಯ ಸಾಲಾರ್ ಜಂಗ್ 1949ರಲ್ಲಿ ತೀರಿಕೊಂಡ ನಂತರ ಅವರ ಸಂಗ್ರಹವನ್ನು 1951ರಲ್ಲಿ ದಿವಾನ್ ದೇವಡಿಯಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. 1961ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಅದು ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. 1968ರಲ್ಲಿ ಮೂಸಿ ನದಿಯ ದಂಡೆಯ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಕಾಶ್ಮೀರದ ಶಾಲು, ಜರತಾರಿ ಕೆಲಸದ ವಸ್ತ್ರ, ಮನೆತನದವರ ಪೋಷಾಕು ಇಂತಹ ಸಂಗ್ರಹದ ಹೆಮ್ಮೆ. ಜಹಗೀರಿಗೆ ಕಂದಾಯ ತೆತ್ತ ರೈತನ ಕಂಬಳಿ, ಅವನ ಮನೆಯಾಕೆಯ ಸೀರೆ ಈ ಅಭಿರುಚಿಯ ಕಲ್ಪನೆಯೊಳಗೆ ಬರುವಂಥವಲ್ಲ. ಇದನ್ನು ಒಂದು ಸಂಸ್ಥೆಯ ಲೋಪವೆನ್ನಲಾಗದು; ಒಡೆಯನ ಅಂತಸ್ತಿನಿಂದ ಬಟ್ಟೆಯ ಬೆಲೆ ಅಳೆಯುವ ಕ್ರಮದ ಪರಿಣಾಮವೆನ್ನಬೇಕು.

ಅದೇ 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಹುಟ್ಟಿತೆಂಬುದು ಗಮನಾರ್ಹ. ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರ ಶ್ರಮದಿಂದ ಕುಣಿತದ ವೇಷಭೂಷಣ, ಗೊಂಬೆ, ಆಭರಣ, ಗೃಹೋಪಕರಣಗಳು ಜಯಲಕ್ಷ್ಮೀವಿಲಾಸ ಅರಮನೆಯನ್ನು ಸೇರಿದವು. ಜನಸಾಮಾನ್ಯರ ವಸ್ತು ಅರಮನೆಯನ್ನು ಪ್ರವೇಶಿಸಿದ್ದು ದೊಡ್ಡ ಮಾತೇ ಸರಿ. ಆದರೆ ರಾಜಕುಮಾರಿಯ ವಾಸಕ್ಕೆಂದು ಕಟ್ಟಿದ ಮನೆ ಬಟ್ಟೆಯ ವಾಸಕ್ಕೆ ತಕ್ಕದ್ದಾಗಿರಬೇಕೆಂದಿಲ್ಲ. ಈ ಶತಮಾನದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿಗೊಂಡ ಆ ಕಟ್ಟಡ ಮುಂದೆ ಮತ್ತೆ ಶಿಥಿಲವಾಯಿತು. ಸೋರುವ ಮಾಡಿನ ಕೆಳಗೆ ಮೊದಲು ಕೆಡುವುದು ಬಟ್ಟೆ ಮತ್ತು ತೊಗಲು. ಆದ್ದರಿಂದ ಸ್ಥಳಾಂತರ ಬೇಕೇ ಎಂಬುದಕ್ಕಿಂತ ಹೇಗೆ ಎಂಬುದು ಮುಖ್ಯ.

ಇಳಕಲ್ ಸೀರೆಯ ನಿದರ್ಶನದಿಂದ ಇದನ್ನು ವಿವರಿಸಬಹುದು. ಇಳಕಲ್ ಊರು ಬ್ರಿಟಿಷರ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿತ್ತು. ಪಕ್ಕದ ಕುಷ್ಟಗಿ ನಿಜಾಮರ ಸೀಮೆಯಲ್ಲಿತ್ತು. ಕುಷ್ಟಗಿ ತಾಲೂಕಿನ ದೋಟಿಹಾಳ, ಹನುಮಸಾಗರಗಳಲ್ಲೂ ಇದೇ ಬಗೆಯ ಸೀರೆಯನ್ನು ನೇಯುತ್ತ ಬಂದಿದ್ದಾರೆ. ದಾಖಲೆಯಲ್ಲಿ 'ಇಳಕಲ್' ಎಂದಷ್ಟೇ ಬರೆದರೆ ನೇಯ್ಗೆಯ ಬಗೆ ತಿಳಿಯುತ್ತದೆ. ಯಾವ ಊರಿನ ಮಗ್ಗ, ಯಾವ ಊರಿನ ಸೊಸೆ ಎಂಬುದು ಅಳಿಯುತ್ತದೆ. ಗಂಗಾವತಿಯ ವಿಷಯದಲ್ಲಿ ಊರಿನ ಹೆಸರೂ ಸಾಲದು. ತುಂಗಭದ್ರಾ ನೀರಾವರಿಯ ನಂತರ ಆಂಧ್ರದಿಂದ ಬಂದು ನೆಲೆಸಿದ ಕೃಷಿಕರಿಂದಾಗಿ ಅಲ್ಲಿಯ ಜನಜೀವನ ಬದಲಾಗಿದೆ. ಆದ್ದರಿಂದ ಉಟ್ಟ ಕಾಲವನ್ನು ನಮೂದಿಸದ ಉಡುಪು ಸಂಶೋಧಕನಿಗೆ ಅರ್ಧವನ್ನಷ್ಟೇ ಹೇಳುತ್ತದೆ.

ಸೀರೆಯ ರಚನೆಯೂ ಉಗ್ರಾಣದ ಕ್ರಮವನ್ನು ನಿರ್ಧರಿಸಬೇಕು. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹತ್ತಿಯ ಹಾಸು, ಸೆರಗಿನ ರೇಷ್ಮೆಯ ಹಾಸು ಬೇರೆ ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಸೇರಿಸುವುದನ್ನು ನೇಕಾರರು 'ಕೊಂಡಿ' ಎನ್ನುತ್ತಾರೆ. ತೇವಕ್ಕೆ ಹತ್ತಿ ಸ್ಪಂದಿಸುವ ಬಗೆ ಒಂದು, ರೇಷ್ಮೆಯದು ಇನ್ನೊಂದು. ಮಡಿಕೆ ಸರಿಯಾಗಿ ಕೊಂಡಿಯ ಮೇಲೆ ಬಿದ್ದು ವರ್ಷಗಟ್ಟಲೆ ಹಾಗೆಯೇ ಇದ್ದರೆ ಅಲ್ಲಿಯ ಎಳೆಗಳು ದುರ್ಬಲವಾಗುತ್ತವೆ. ಮಡಿಸುವ ಬದಲು ಆಮ್ಲರಹಿತ ಕಾಗದದೊಂದಿಗೆ ಕೊಳವೆಗೆ ಸುತ್ತಿಡುವುದು ಮೇಲು. ಗೋಮಿ, ಗಾಡಿದಡಿ, ಚಿಕ್ಕಿಪರಾಸ, ತೋಪುತೆನೆ ಎಂಬ ಹೆಸರುಗಳು ಪಟ್ಟಿಯಲ್ಲಿರಬೇಕು. 'ಕೆಂಪು ಸೆರಗಿನ ಹತ್ತಿ ಸೀರೆ' ಎಂಬ ನಮೂದಿನಿಂದ ಒಂದು ಸೀರೆಯನ್ನು ನೂರು ಸೀರೆಗಳ ನಡುವೆ ಗುರುತಿಸಲಾಗದು.

ಇಲ್ಲಿ ಆಳವಾದ ವೈರುಧ್ಯವೊಂದಿದೆ. ಈ ಸೀಮೆಯ ಮನೆಗಳಲ್ಲಿ ಬಟ್ಟೆಯನ್ನು ಕೂಡಿಡುವುದಿಲ್ಲ, ಸವೆಸುತ್ತಾರೆ. ಉಟ್ಟು ಹಳತಾದ ಸೀರೆ ಕೂಸಿನ ಹಾಸಿಗೆಯಾಗುತ್ತದೆ, ಕೌದಿಯ ಪದರವಾಗುತ್ತದೆ, ಕೊನೆಗೆ ಒರೆಸುವ ಅರಿವೆಯಾಗುತ್ತದೆ. ಕೌದಿಯ ತುಂಡುಗಳಲ್ಲಿ ಅಜ್ಜಿಯ ಸೀರೆ, ಅವ್ವನ ಕುಬಸದ ಖಣ ಗುರುತು ಸಿಗುತ್ತವೆ. ಆದ್ದರಿಂದ ಕೌದಿ ತನ್ನಷ್ಟಕ್ಕೆ ಒಂದು ವಸ್ತ್ರಸಂಗ್ರಹ. ಸ್ಥಳಾಂತರದಲ್ಲಿ ಅದನ್ನು ಹಾಸಿಗೆಗಳ ವಿಭಾಗಕ್ಕೂ ಸೀರೆಯನ್ನು ಉಡುಪಿನ ವಿಭಾಗಕ್ಕೂ ಕಳುಹಿಸಿದರೆ ಸಂಬಂಧ ಕಡಿಯುತ್ತದೆ. ಹರಿದ ಬಟ್ಟೆಯನ್ನು ಅನುಪಯುಕ್ತವೆಂದು ತೆಗೆದುಹಾಕುವುದು ಇನ್ನೂ ಅಪಾಯಕರ. ಸವೆದ ಮೊಳಕಾಲು, ತೇಪೆ, ಬೆವರಿನ ಕಲೆ ಇವೇ ದುಡಿಮೆಯ ದಾಖಲೆಗಳು.

ಪ್ರದರ್ಶನದ ಉಡುಪುಗಳಿಗೂ ಈ ಮಾತು ಅನ್ವಯಿಸುತ್ತದೆ. ದೊಡ್ಡಾಟದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳು ಒಂದು ವೇಷದ ಅಂಗಗಳು. ಮರದ್ದು ಮರದ ಕೋಣೆಗೆ, ಬಟ್ಟೆಯದು ಬಟ್ಟೆಯ ಕೋಣೆಗೆ ಹೋಗುವುದು ಸಂರಕ್ಷಣೆಗೆ ಅಗತ್ಯವೇ ಇರಬಹುದು. ವೇಷವನ್ನು ಒಟ್ಟುಗೂಡಿಸುವ ಸಂಖ್ಯೆ ಮಾತ್ರ ಒಂದೇ ಇರಬೇಕು. ಆ ವೇಷ ಯಾವ ಪಾತ್ರದ್ದೆಂದು ಹೇಳಬಲ್ಲವರು ಊರುಗಳಲ್ಲಿದ್ದಾರೆ. ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಇಂತಹವರ ಅರಿವನ್ನು ಗೌರವಿಸುವ ನಾಡು ಪೆಟ್ಟಿಗೆ ತೆರೆಯುವ ದಿನ ಅವರನ್ನು ಕರೆಯದಿರುವುದು ಸರಿಯಲ್ಲ.

ಉಗ್ರಾಣದ ಅವ್ಯವಸ್ಥೆ ನಮ್ಮದಷ್ಟೇ ಅಲ್ಲ. ಉಗ್ರಾಣಗಳಲ್ಲಿರುವ ಸಂಗ್ರಹಗಳ ಬಹುಪಾಲು ಅಪಾಯದಲ್ಲಿದೆಯೆಂದು 2011ರ ಅಂತರರಾಷ್ಟ್ರೀಯ ಸಮೀಕ್ಷೆಯೊಂದು ಎಚ್ಚರಿಸಿತ್ತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯವು ತನ್ನ ಉಡುಪುಗಳೂ ಸೇರಿದಂತೆ ಅಪಾರ ಸಂಗ್ರಹವನ್ನು ಹೊಸ ಉಗ್ರಾಣಕ್ಕೆ ಸಾಗಿಸಿ, 2025ರಲ್ಲಿ ಆ ಉಗ್ರಾಣವನ್ನೇ ಜನರಿಗೆ ತೆರೆಯಿತು. ಅಲ್ಲಿ ಯಾರು ಬೇಕಾದರೂ ಮುಂಚಿತವಾಗಿ ಕೋರಿ ವಸ್ತುವೊಂದನ್ನು ಹತ್ತಿರದಿಂದ ನೋಡಬಹುದು. ನಮಗೆ ಆ ಪ್ರಮಾಣದ ಹಣವಿಲ್ಲದಿರಬಹುದು. ಆ ತತ್ತ್ವವನ್ನು ಅನುಸರಿಸಲು ಹೆಚ್ಚಿನ ಹಣ ಬೇಕಿಲ್ಲ.

ಒಟ್ಟಿನಲ್ಲಿ, ನಮ್ಮ ವಿಶ್ವವಿದ್ಯಾಲಯಗಳು ಮತ್ತು ಅಕಾಡೆಮಿಗಳು ವಸ್ತ್ರಸಂಗ್ರಹವನ್ನು ಸಾಗಿಸುವ ಮುನ್ನ ಮೂರು ಕೆಲಸ ಮಾಡಬೇಕಾಗಿದೆ. ಪ್ರತಿ ಬಟ್ಟೆಯ ದೇಶೀ ಹೆಸರು, ಉಟ್ಟ ಊರು, ಸಂದರ್ಭ ಮತ್ತು ಕಾಲವನ್ನು ಬರೆದಿಡುವುದು. ನೇಕಾರರು ಹಾಗೂ ಕಲಾವಿದರನ್ನು ಸಲಹೆಗಾರರೆಂದು ಗೌರವಧನ ಕೊಟ್ಟು ಕರೆಯುವುದು. ಪಟ್ಟಿಯ ಒಂದು ಪ್ರತಿಯನ್ನು ಬಟ್ಟೆ ಬಂದ ತಾಲೂಕಿನ ಗ್ರಂಥಾಲಯದಲ್ಲಿ ಇಡುವುದು. ಇವನ್ನು ಮಾಡದೆ ಕಟ್ಟುವ ಹೊಸ ಉಗ್ರಾಣದಲ್ಲಿ ಬಟ್ಟೆ ಉಳಿದೀತು. ಅದನ್ನು ಉಟ್ಟವರ ಚರಿತ್ರೆ ಉಳಿಯುವುದಿಲ್ಲ.