ಗಣಕಯಂತ್ರದ ಪರದೆಯಲ್ಲಿ ಮೈಸೂರು ಶೈಲಿಯ ಚಿತ್ರ

ಮೈಸೂರು ಸಾಂಪ್ರದಾಯಿಕ ಚಿತ್ರವನ್ನು ಹಲಗೆಯ ಮೇಲೆ ಬರೆಯುವ ಕಲಾವಿದರು ನಮ್ಮ ನಗರದಲ್ಲಿ ಇಂದಿಗೂ ಇದ್ದಾರೆ. ಅವರ ಜೊತೆಯಲ್ಲಿಯೇ, ಅದೇ ಲಕ್ಷ್ಮೀ ಸರಸ್ವತಿಯರನ್ನೂ ಅದೇ ರಾಮಪಟ್ಟಾಭಿಷೇಕವನ್ನೂ ಗಣಕಯಂತ್ರದ ಪರದೆಯ ಮೇಲೆ ಬರೆಯುವ ತರುಣರು ಬಂದಿದ್ದಾರೆ. ಮದುವೆಯ ಕರೆಯೋಲೆ, ಗೋಡೆಯ ಕ್ಯಾಲೆಂಡರು, ಪುಸ್ತಕದ ರಕ್ಷಾಪತ್ರ, ದಸರೆಯ ಕಾಲದ ಫಲಕ ಇವುಗಳ ಮೂಲಕ ಇಂತಹ ಚಿತ್ರಗಳು ನಮ್ಮ ಕಣ್ಣಿಗೆ ಬೀಳುತ್ತವೆ. ನಾವು ನೋಡಿದವುಗಳಲ್ಲಿ ಕೆಲವು ದೋಷಗಳು ಮತ್ತೆ ಮತ್ತೆ ತಲೆಹಾಕಿವೆ. ರೇಖೆ ನಡುಗುತ್ತದೆ, ಇಲ್ಲವೆ ನಿರ್ಜೀವವಾಗಿ ಜಾರುತ್ತದೆ. ರೇಖೆಗೂ ಬಣ್ಣಕ್ಕೂ ನಡುವೆ ಬಿಳಿಯ ಎಳೆಯೊಂದು ಉಳಿದಿರುತ್ತದೆ. ಬೆರೆಸಿದ ಬಣ್ಣ ಕೆಸರಾಗುತ್ತದೆ. ಚಿನ್ನವು ಸಾಸಿವೆಯ ಬಣ್ಣಕ್ಕೆ ಇಳಿಯುತ್ತದೆ.

ಇವಕ್ಕೆಲ್ಲ ಪರಿಹಾರವನ್ನು ಚಿತ್ರಸಂಪಾದನೆಯ ತಂತ್ರಾಂಶದಲ್ಲಿಯೇ ಹುಡುಕುವುದು ರೂಢಿ. ಇಂತಹ ದೋಷಕ್ಕೆ ಇಂತಹ ಗುಂಡಿ ಎಂಬ ಬಗೆಯ ಉಪದೇಶಕ್ಕೆ ಕೊರತೆಯಿಲ್ಲ. ಅದು ಸುಳ್ಳಲ್ಲ, ಆದರೆ ಅರೆಪಾಲು ಮಾತ್ರ ನಿಜ. ಈ ತೊಡಕುಗಳಲ್ಲಿ ಹೆಚ್ಚಿನವು ಮೈಸೂರು ಶೈಲಿಯ ಕೆಲಸದ ಕ್ರಮವನ್ನು ಅರಿಯದೆ ಹೋದುದರಿಂದ ಹುಟ್ಟಿದವು. ಗುಂಡಿಯೊಂದನ್ನೇ ನಂಬಿ ಅವನ್ನು ನೀಗಲು ಹೊರಟಾಗ ಮೊದಲಿನದಕ್ಕಿಂತ ದೊಡ್ಡ ದೋಷ ಬಂದು ಕೂರುವುದುಂಟು. ಇದನ್ನು ಕೆಲವು ನಿದರ್ಶನಗಳಿಂದ ತೋರಿಸುವುದು ಇಲ್ಲಿ ನಮ್ಮ ಉದ್ದೇಶ.

ಈ ಶೈಲಿಯನ್ನು ಯಂತ್ರದ ಮೇಲೆ ತರುವುದೇ ತಪ್ಪು ಎನ್ನುವ ಹಿರಿಯರಿದ್ದಾರೆ. ಅವರ ಆತಂಕವನ್ನು ನಾವು ಬಲ್ಲೆವು, ಅವರ ತೀರ್ಮಾನವನ್ನು ಒಪ್ಪಲಾರೆವು. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮನ ಮುದ್ರಣಾಲಯ ಆರಂಭವಾದ ಮೇಲೆ ದೇವರ ಚಿತ್ರ ಕಲ್ಲಚ್ಚಿನಿಂದ ಮನೆಮನೆಗೂ ಬಂದಿತು. ಆ ಅಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಯಾವ ಬಣ್ಣದ ಮೇಲೆ ಯಾವುದು ಬೀಳಬೇಕೆಂಬುದನ್ನು ಮೊದಲೇ ನಿಶ್ಚಯಿಸಬೇಕು. ಇಂದಿನ ತಂತ್ರಾಂಶದ ಲೇಯರುಗಳೂ, ಎಂದರೆ ಒಂದರ ಮೇಲೊಂದು ಹಾಸಿದ ಪಾರದರ್ಶಕ ಪದರಗಳೂ, ಕೇಳುವುದು ಇದನ್ನೇ.

ಪದರಗಳ ಕ್ರಮವೆಂದರೆ ಹೊಸ ವಿದ್ಯಾರ್ಥಿಗೆ ಗೊಂದಲ. ಮೊದಲು ಅಚ್ಚುಕಟ್ಟಾಗಿ ರೇಖೆ ಎಳೆದು, ಆಮೇಲೆ ಬಕೆಟ್ಟಿನ ಗುರುತುಳ್ಳ ಸಾಧನದಿಂದ ಅದರೊಳಗೆ ಬಣ್ಣ ಸುರಿಯುತ್ತಾನೆ. ರೇಖೆಯ ಅಂಚಿನ ಬಿಂದುಗಳು ಪೂರ್ತಿ ಕಪ್ಪೂ ಅಲ್ಲ, ಪೂರ್ತಿ ಪಾರದರ್ಶಕವೂ ಅಲ್ಲ. ಬಣ್ಣವು ಅವುಗಳ ಎದುರಿಗೆ ಬಂದು ನಿಲ್ಲುತ್ತದೆ. ಬಿಳಿಯ ಎಳೆ ಉಳಿಯುವುದು ಹೀಗೆ. ಆಯ್ಕೆಯ ಮೇರೆಯನ್ನು ಒಂದೆರಡು ಪಿಕ್ಸೆಲ್ ಹಿಗ್ಗಿಸಿದರೆ ಎಳೆ ಮುಚ್ಚುವುದು ದಿಟ. ಆದರೆ ಮೈಸೂರಿನ ಚಿತ್ರಕಾರನಿಗೆ ಈ ತೊಡಕೇ ಇರಲಿಲ್ಲವೆಂಬುದನ್ನು ಗಮನಿಸಬೇಕು. ಹುಣಿಸೆಯ ಕಡ್ಡಿಯ ಇದ್ದಲಿನಿಂದ ಆತ ಮೊದಲು ಎಳೆಯುತ್ತಿದ್ದುದು ಬರಿಯ ಕರಡು. ಬಳಿಕ ದೂರದ ಆಕಾಶ, ಬೆಟ್ಟ, ಹೊಳೆ; ಆಮೇಲೆ ಪ್ರಾಣಿಗಳು, ಮನುಷ್ಯಾಕೃತಿಗಳು; ಅನಂತರ ಮುಖ, ಉಡುಗೆ, ಒಡವೆ. ಕಣ್ಣು ಬೆರಳುಗಳ ಸೂಕ್ಷ್ಮರೇಖೆಯು ಬಣ್ಣದ ಮೇಲೆ ಬರುತ್ತಿತ್ತು. ಪರದೆಯ ಮೇಲೂ ಕರಡಿನ ಪದರವನ್ನು ಮಂಕು ಮಾಡಿಟ್ಟುಕೊಂಡು, ಬಣ್ಣವನ್ನು ಮೇರೆ ಮೀರಿಯೇ ಹಚ್ಚಿ, ರೇಖೆಯನ್ನು ಮೇಲಣ ಪದರದಲ್ಲಿ ಕೊನೆಗೆ ಎಳೆದರೆ ಬಿಳಿಯ ಎಳೆಗೆ ಎಡೆಯೇ ಇಲ್ಲ.

ನಡುಗುವ ರೇಖೆಗೆ ಸ್ಟೆಬಿಲೈಸರ್ ಎಂಬ ಉಪಾಯವುಂಟು. ಕ್ರೀಟಾ, ಗಿಂಪ್, ಫೋಟೊಶಾಪ್ ಮೂರರಲ್ಲಿಯೂ ಇದರ ಒಂದಲ್ಲ ಒಂದು ರೂಪವಿದೆ. ಸ್ಟೈಲಸ್ ಎಂಬ ಲೇಖನಿ ಹೋದ ಹಲವು ನೆಲೆಗಳ ಸರಾಸರಿಯನ್ನು ತೆಗೆದು, ತುಸು ತಡವಾಗಿ ಗೆರೆಯನ್ನು ಮೂಡಿಸುವುದು ಅದರ ಕೆಲಸ. ಸರಾಸರಿ ತೆಗೆದಾಗ ನಡುಕದೊಡನೆ ತಿರುವೂ ಹೋಗುತ್ತದೆ! ಕಣ್ಣಿನ ಕೊನೆ ದುಂಡಗಾಗುತ್ತದೆ, ಬೆರಳ ಗೆಣ್ಣು ಕರಗುತ್ತದೆ. ಪ್ರಭಾವಳಿಯ ಉದ್ದನೆಯ ಕಮಾನಿಗೆ ಈ ಉಪಾಯ ಒಳ್ಳೆಯದು; ಮುಖಕ್ಕೆ ಬೇಡ. ಅಳಿಲಿನ ಕೂದಲ ಕುಂಚ ಹಿಡಿದವನು ಚಿತ್ರವನ್ನು ಅದರ ನಿಜವಾದ ಅಳತೆಯಲ್ಲಿಯೇ ನೋಡುತ್ತಿದ್ದ. ಪರದೆಯವನು ಎಂಟು ಪಾಲು ಹಿಗ್ಗಿಸಿ ನೋಡುವುದರಿಂದ ಸಣ್ಣ ನಡುಕವೂ ದೊಡ್ಡದಾಗಿ ಕಾಣುತ್ತದೆ. ಅದೇ ಚಿತ್ರವನ್ನು ಇನ್ನೊಂದು ಕಿಟಕಿಯಲ್ಲಿ ಮೂಲದ ಅಳತೆಯಲ್ಲಿ ತೆರೆದಿಟ್ಟುಕೊಂಡರೆ, ತಿದ್ದಬೇಕಾದ ನಡುಕ ಯಾವುದು, ಬಿಡಬಹುದಾದುದು ಯಾವುದು ಎಂಬುದು ತಾನಾಗಿ ತಿಳಿಯುತ್ತದೆ.

ಬಣ್ಣದ ಮಿಶ್ರಣದಲ್ಲಿ ತೊಡಕು ಇನ್ನೂ ಆಳವಾದದ್ದು. ನೀಲಿಗೆ ಹಳದಿ ಬೆರೆಸಿದರೆ ಹಸಿರು ಎಂಬುದು ಪ್ರಾಥಮಿಕ ಶಾಲೆಯ ಪಾಠ. ಪರದೆಯ ಮೇಲೆ ಅದು ಸುಳ್ಳಾಗುತ್ತದೆ. ತಂತ್ರಾಂಶವು ಪ್ರತಿಯೊಂದು ಬಣ್ಣವನ್ನೂ ಕೆಂಪು, ಹಸಿರು, ನೀಲಿ ಬೆಳಕುಗಳ ಮೂರು ಸಂಖ್ಯೆಗಳಾಗಿ, ಸಾಮಾನ್ಯವಾಗಿ 0ರಿಂದ 255ರವರೆಗೆ, ಇಟ್ಟುಕೊಳ್ಳುತ್ತದೆ. 40, 80, 150 ಎಂಬ ಗಾಢ ನೀಲಿಯ ಮೇಲೆ 250, 200, 40 ಎಂಬ ಹಳದಿಯನ್ನು ಅರೆಪಾರದರ್ಶಕವಾಗಿ ಹಚ್ಚಿದರೆ ಸಿಗುವುದು ಎರಡರ ಸರಾಸರಿ: 145, 140, 95. ಇದು ಧೂಳಿನ ಬಣ್ಣವೇ ಹೊರತು ಹಸಿರಲ್ಲ. ವರ್ಣದ್ರವ್ಯದ ನಡತೆ ಬೇರೆ. ಒಂದೊಂದು ದ್ರವ್ಯವೂ ಬೆಳಕಿನಲ್ಲಿ ತನ್ನ ಪಾಲನ್ನು ಹೀರುತ್ತದೆ. ಎರಡೂ ಹೀರದೆ ಬಿಟ್ಟದ್ದು ಹಸಿರಾಗಿ ಕಣ್ಣಿಗೆ ಬರುತ್ತದೆ. ಆ ನಡತೆಗೆ ಹತ್ತಿರವಾದದ್ದು ಮಲ್ಟಿಪ್ಲೈ ಎಂಬ ಗುಣಾಕಾರದ ಕ್ರಮ. ಅದೇ ಎರಡು ಬಣ್ಣಗಳನ್ನು ಗುಣಿಸಿ 255ರಿಂದ ಭಾಗಿಸಿದರೆ 39, 63, 24. ಇದು ಕತ್ತಲೆಯ ಕಡೆಗೆ ವಾಲಿದ, ಆದರೆ ನಿಜವಾದ ಹಸಿರು. ಮೈಸೂರು ಚಿತ್ರದ ತೋಪಿನ ನೆರಳಿಗೆ ಇದು ಸಲ್ಲುತ್ತದೆ. ಬೆಳಕಿನ ಎಲೆಗೆ ಬೇಕಾದ ಹಸಿರನ್ನು ಮಿಶ್ರಣದಿಂದ ಬಯಸದೆ ನೇರವಾಗಿ ಆರಿಸಿಕೊಳ್ಳುವುದೇ ಲೇಸು.

ಮೃದು ಕುಂಚದಿಂದ ಕೆಂಪು ಸೀರೆಯನ್ನು ಹಸಿರು ಅಂಚಿಗೆ ಬೆಸೆದಾಗ ನಡುವೆ ಕಂದು ಪಟ್ಟೆ ಬೀಳುವುದಕ್ಕೂ ಸಂಖ್ಯೆಗಳೇ ಕಾರಣ. ಅವು ಬೆಳಕಿನ ಪ್ರಮಾಣಕ್ಕೆ ನೇರವಾಗಿ ಹೊಂದಿದವಲ್ಲ. 128 ಎಂದರೆ ಅರ್ಧ ಬೆಳಕಲ್ಲ, ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಅಷ್ಟೆ. ಬೆಳಕಿನ ಪ್ರಮಾಣದಲ್ಲಿಯೇ ಲೆಕ್ಕ ಹಾಕುವಂತೆ ತಂತ್ರಾಂಶವನ್ನು ಹೊಂದಿಸಿಕೊಂಡರೆ ಪಟ್ಟೆ ತಿಳಿಯಾಗುತ್ತದೆ. ಆದರೆ ಸೀರೆಗೂ ಅಂಚಿಗೂ ಅಂತಹ ಬೆಸುಗೆ ಈ ಶೈಲಿಯಲ್ಲಿ ಏಕೆ ಬೇಕೆಂಬುದು ನಮ್ಮ ಪ್ರಶ್ನೆ. ಅಂಚು ಅಂಚಾಗಿಯೇ ಇರಲಿ.

ಇನ್ನು ಚಿನ್ನದ ಮಾತು. ಬಣ್ಣದ ಪಟ್ಟಿಗಳಲ್ಲಿ ಚಿನ್ನವೆಂಬ ಹೆಸರಿನಲ್ಲಿ 212, 175, 55 ಎಂಬ ಸಂಖ್ಯೆ ಸಿಗುತ್ತದೆ. ಅದನ್ನು ಕಿರೀಟಕ್ಕೆ ತುಂಬಿದ ವಿದ್ಯಾರ್ಥಿ ಹತಾಶನಾಗುತ್ತಾನೆ. ಏಕೆಂದರೆ ಅದು ಸಾಸಿವೆಯ ಬಣ್ಣ. ಚಿನ್ನವು ಬಣ್ಣವಲ್ಲ, ಬೆಳಕಿನ ಒಂದು ನಡತೆ. ಮೈಸೂರಿನ ಚಿತ್ರಕಾರನು ಸಫೇದದ ಪುಡಿ, ಮಕ್ಕಿಯೆಂಬ ಹಳದಿ ಗೋಂದು, ಅಂಟು ಇವನ್ನು ಅರೆದು ಮಾಡಿದ ಸರಿಯಿಂದ ಒಡವೆಗಳನ್ನು ಮೆಲ್ಲನೆ ಉಬ್ಬಿಸಿ, ಅದರ ಮೇಲೆ ಅಪರಂಜಿಯ ರೇಕನ್ನು ಕೂರಿಸುತ್ತಿದ್ದ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಅಂತಹ ಒಂದು ಚಿತ್ರದ ಮುಂದೆ ಎಡದಿಂದ ಬಲಕ್ಕೆ ನಡೆದು ನೋಡಬೇಕು. ನಮ್ಮ ಹೆಜ್ಜೆಯೊಡನೆ ಹೊಳಪೂ ನಡೆಯುತ್ತದೆ. ಒಂದು ಕ್ಷಣ ತೋಳಬಂದಿ, ಮರುಕ್ಷಣ ಕಾಲಂದುಗೆ. ಪರದೆಯಾದರೋ ತನ್ನೊಳಗಿನ ಬೆಳಕನ್ನೇ ಕೊಡುವ ವಸ್ತು. ನೋಡುವವನು ಎತ್ತ ಸರಿದರೂ ಅಲ್ಲಿ ಬರೆದ ಹೊಳಪು ಇದ್ದಲ್ಲಿಯೇ ಇರುತ್ತದೆ.

ಇದಕ್ಕೆ ಸುಲಭವಾಗಿ ಸಿಗುವ ಗುಂಡಿಯ ಹೆಸರು ಬೆವೆಲ್ ಅಂಡ್ ಎಂಬಾಸ್. ಅದನ್ನು ಒತ್ತಿದೊಡನೆ ಎಲ್ಲ ಒಡವೆಗಳೂ ಉಬ್ಬಿ ನಿಲ್ಲುತ್ತವೆ. ಆದರೆ ಪ್ರತಿಯೊಂದು ಮಣಿಗೂ ಒಂದೇ ಎತ್ತರ, ಒಂದೇ ನೆರಳು. ಎರಕದ ಅಚ್ಚಿನಿಂದ ಬಿದ್ದಂತೆ. ಮೈಸೂರಿನ ಉಬ್ಬುಕೆಲಸ ತೆಳುವಾದದ್ದು, ನಯವಾದದ್ದು; ಎತ್ತರದ ಉಬ್ಬು ತಂಜಾವೂರಿನ ಲಕ್ಷಣ. ಈ ಗುಂಡಿ ಮೈಸೂರನ್ನು ಅರಿವಿಲ್ಲದೆ ತಂಜಾವೂರಿನ ಕಡೆಗೆ, ಅದೂ ಕಳಪೆಯ ತಂಜಾವೂರಿನ ಕಡೆಗೆ, ಎಳೆಯುತ್ತದೆ. ಈಗ ಕಾಣುವ ಚಿತ್ರಗಳಲ್ಲಿ ನಮಗೆ ಹೆಚ್ಚು ವ್ಯಸನ ತಂದಿರುವುದು ಇದೇ. ಪರದೆಯಿಂದಲೇ ಈ ಶೈಲಿಯ ಮೊದಲ ಪರಿಚಯ ಪಡೆಯುವ ವಿದ್ಯಾರ್ಥಿಯು, ಉಬ್ಬು ಹೆಚ್ಚಿದಷ್ಟೂ ಮೈಸೂರು ಶೈಲಿ ಎಂದು ನಂಬಿಬಿಡುವ ಅಪಾಯವಿದೆ.

ಉತ್ತರವು ಅದೇ ಜಗನ್ಮೋಹನ ಅರಮನೆಯಲ್ಲಿದೆ ಎಂದು ನಮಗೆ ತೋರುತ್ತದೆ. ಅಲ್ಲಿ ರವಿವರ್ಮನ ತೈಲಚಿತ್ರಗಳೂ ಇವೆ. ಅವನು ಚಿನ್ನವನ್ನು ಅಂಟಿಸಲಿಲ್ಲ. ಚಿನ್ನ ಕಾಣುವ ರೀತಿಯನ್ನು ಬರಿಯ ಬಣ್ಣದಿಂದ ಬರೆದ. ಒಡವೆಯ ಬಹುಭಾಗ ಕಂದು, ಸ್ವಲ್ಪ ಹಳದಿ, ಒಂದೆರಡು ಕಡೆ ಮಾತ್ರ ಬಿಳಿಗೆ ಹತ್ತಿರವಾದ ಚುಕ್ಕೆ. ಪರದೆಯ ಚಿತ್ರಕಾರನಿಗೆ ರೇಕು ಇಲ್ಲದ ಮೇಲೆ ಅವನ ಸ್ಥಿತಿ ತೈಲವರ್ಣದವನ ಸ್ಥಿತಿಯೇ. ಆದುದರಿಂದ ರೇಖೆಗೆ, ವಿನ್ಯಾಸಕ್ಕೆ ಮೈಸೂರಿನ ಗುರುಗಳನ್ನೂ ಚಿನ್ನಕ್ಕೆ ರವಿವರ್ಮನನ್ನೂ ಅವನು ಆಶ್ರಯಿಸಬೇಕು. ರವಿವರ್ಮನ ವಾಸ್ತವಿಕತೆಯನ್ನು ಪೂರ್ತಿಯಾಗಿ ತಂದರೆ ಮಾತ್ರ ಸಪಾಟಾದ ಆಕೃತಿಯ ಮೇಲೆ ಒಡವೆಯೊಂದೇ ಎದ್ದು ಬಂದೀತು. ಮೂರೇ ಛಾಯೆಗಳು ಸಾಕು: ಗಾಢ ಕಂದು, ನಡುವಣ ಹಳದಿ, ತಿಳಿ ಹಳದಿ. ಅವನ್ನು ಒಂದರೊಳಗೊಂದು ತೀಡಬಾರದು. ತಿಳಿಯದು ಉಬ್ಬು ತಿರುಗುವ ಅಂಚಿನಲ್ಲಿ ಮಾತ್ರ ಇರಬೇಕು. ಎರಡು ಮಣಿಗಳಿಗೆ ಕೊಟ್ಟು ಮೂರನೆಯದಕ್ಕೆ ಬಿಟ್ಟರೂ ಬಾಧಕವಿಲ್ಲ. ಸುತ್ತಣ ಹಸಿರನ್ನೋ ಕೆಂಪನ್ನೋ ಒಂದು ಪಾಲು ಗಾಢವಾಗಿಸಿದರೆ ಚಿನ್ನದ ಸಂಖ್ಯೆಯನ್ನು ಮುಟ್ಟದೆಯೇ ಅದು ಬೆಳಗುತ್ತದೆ.

ಕನ್ನಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಆಕೃತಿಯ ಸೊಟ್ಟು ತಿಳಿಯಲೆಂದು ಚಿತ್ರವನ್ನು ಎಡಬಲ ತಿರುಗಿಸಿ ನೋಡುವುದು ಪರದೆಯವರಲ್ಲಿ ಒಳ್ಳೆಯ ಅಭ್ಯಾಸ. ತಿರುಗಿಸಿದ್ದನ್ನು ಮರಳಿ ತಿರುಗಿಸಲು ಮರೆತರೆ ವಿಷ್ಣುವಿನ ಮೇಲಣ ಬಲಗೈಯ ಚಕ್ರ ಎಡಗೈಗೆ ಹೋಗುತ್ತದೆ, ಸರಸ್ವತಿ ಎಡಚಳಾಗಿ ವೀಣೆ ನುಡಿಸುತ್ತಾಳೆ, ಎಡಭುಜದ ಸೆರಗು ಬಲಭುಜಕ್ಕೆ ಬರುತ್ತದೆ. ಅರ್ಧ ಬರೆದು ಉಳಿದರ್ಧವನ್ನು ಯಂತ್ರದಿಂದ ಪಡೆಯುವ ಸಿಮೆಟ್ರಿ ಸಾಧನದಿಂದಲೂ ಇಂತಹ ಅನಾಹುತಗಳಾಗುತ್ತವೆ. ಮಂಟಪಕ್ಕೆ, ಪ್ರಭಾವಳಿಗೆ ಅದನ್ನು ಬಳಸಬಹುದು. ಆಗಲೂ ಹೊಳಪಿನ ಛಾಯೆಯನ್ನು ಆಮೇಲೆ ಕೈಯಿಂದಲೇ ಹಾಕಬೇಕು, ಇಲ್ಲವಾದರೆ ಎರಡು ಕಂಬಗಳಿಗೆ ಎರಡು ಸೂರ್ಯರು ಬೇಕಾಗುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯಲ್ಲಿ ದೇವತೆಗಳ ರೂಪ, ಆಯುಧ, ವರ್ಣಗಳ ವಿವರ ಚಿತ್ರಸಹಿತವಾಗಿ ಇದೆ. ತಂತ್ರಾಂಶದ ಕೈಪಿಡಿಯ ಪಕ್ಕದಲ್ಲಿ ಅದರ ಮುದ್ರಿತ ಪ್ರತಿಯೊಂದು ಇರುವುದು ಒಳ್ಳೆಯದು.

ಅಳತೆಯ ಮಾತನ್ನು ಚುಟುಕಾಗಿ ಮುಗಿಸುತ್ತೇವೆ. 12 ಅಂಗುಲ ಅಗಲ, 16 ಅಂಗುಲ ಎತ್ತರದ ಚಿತ್ರವನ್ನು ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚು ಹಾಕಬೇಕಾದರೆ 3600ಕ್ಕೆ 4800 ಪಿಕ್ಸೆಲ್ ಬೇಕು. ಮೊದಲು ಚಿಕ್ಕದಾಗಿ ಬರೆದು ಆಮೇಲೆ ಹಿಗ್ಗಿಸಿದರೆ ಸೂಕ್ಷ್ಮರೇಖೆಯೇ ಮೊದಲ ಬಲಿ. ಹಾಗೆಂದು ಪದರಗಳನ್ನು ಲೆಕ್ಕವಿಲ್ಲದೆ ಬೆಳೆಸಲಾಗದು. ಈ ಅಳತೆಯ ಒಂದು ತುಂಬಿದ ಪದರಕ್ಕೆ ಸುಮಾರು 6.9 ಕೋಟಿ ಬೈಟು ಸ್ಮೃತಿ ಬೇಕು. ಮೂವತ್ತು ಪದರಗಳಾದರೆ 207 ಕೋಟಿ. ಯಂತ್ರ ಏದುಸಿರು ಬಿಡುವುದು ಇದರಿಂದ. ಮುಗಿದ ಆಕಾಶ ಬೆಟ್ಟಗಳನ್ನು ಒಂದೇ ಪದರಕ್ಕೆ ಕೂಡಿಸಿಬಿಡಬಹುದು. ಹಲಗೆಯ ಮೇಲೂ ಅವು ಮೊದಲೇ ಮುಗಿಯುವ ಭಾಗಗಳು.

ಅಚ್ಚಿನ ನಾಲ್ಕು ಶಾಯಿಗಳಲ್ಲಿ ಪರದೆಯ ಉಜ್ಜ್ವಲ ನೀಲಿ ಹಸಿರುಗಳು ಸಿಗುವುದಿಲ್ಲ, ಚಿನ್ನವಂತೂ ಇಲ್ಲವೇ ಇಲ್ಲ. ಅಚ್ಚಿನ ಬಣ್ಣವನ್ನು ಪರದೆಯ ಮೇಲೆಯೇ ಅಂದಾಜಾಗಿ ತೋರಿಸುವ ಸೌಲಭ್ಯವನ್ನು ಆರಂಭದಲ್ಲಿಯೇ ಬಳಸಿದರೆ ಕೊನೆಯ ನಿರಾಶೆ ತಪ್ಪುತ್ತದೆ. ಚಿನ್ನಕ್ಕೆ ಮಾತ್ರ ಇನ್ನೊಂದು ದಾರಿಯುಂಟು. ಒಡವೆಯ ಜಾಗಗಳನ್ನು ಅಚ್ಚಿನಲ್ಲಿ ಖಾಲಿ ಬಿಟ್ಟು, ನೀರಿಗೆ ಕದಡದ ಶಾಯಿಯಿಂದ ದಪ್ಪ ಕಾಗದದ ಮೇಲೆ ಮುದ್ರಿಸಿ, ಆ ಜಾಗಗಳಲ್ಲಿ ಉಬ್ಬುಕೆಲಸವನ್ನೂ ರೇಕನ್ನೂ ಕೈಯಿಂದಲೇ ಮಾಡುವುದು. ಇದನ್ನು ನಾವು ಹೀನವೆಂದು ಎಣಿಸುವುದಿಲ್ಲ. ಆದರೆ ಮೈಸೂರು ಸಾಂಪ್ರದಾಯಿಕ ಚಿತ್ರವೆಂಬ ಹೆಸರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಹಲಗೆ ಸಿದ್ಧಪಡಿಸಿ, ಬಣ್ಣ ಅರೆದು, ವಾರಗಟ್ಟಲೆ ಕುಳಿತು ಬರೆಯುವವರ ಜೀವನೋಪಾಯ ಆ ಹೆಸರಿನಲ್ಲಿದೆ. ಆದಕಾರಣ ಇಂತಹ ಚಿತ್ರವನ್ನು ಮಾರುವವನು, ಇದರಲ್ಲಿ ಅಚ್ಚಿನದು ಎಷ್ಟು, ಕೈಯದು ಎಷ್ಟು, ರೇಕು ಚಿನ್ನದ್ದೋ ಅಲ್ಲವೋ ಎಂಬುದನ್ನು ಚಿತ್ರದ ಬೆನ್ನಿಗೆ ಎರಡು ಸಾಲಿನಲ್ಲಿ ಬರೆದು ಅಂಟಿಸತಕ್ಕದ್ದು.