ಚಾರ್ಲಿಗೆ ಕಲಿಸಿದವರು ಯಾರು?

‘777 ಚಾರ್ಲಿ’ಯನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ 2022ರ ಜೂನ್‌ನಲ್ಲಿ, ಬಿಡುಗಡೆಯಾದ ವಾರವೇ, ಥಿಯೇಟರಿನಲ್ಲಿ. ಪಕ್ಕದ ಸೀಟಿನವರಿಗೆ ಕಾಣದ ಹಾಗೆ ಅತ್ತೆ. (ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಈ ಸಿನಿಮಾ ನೋಡಿ ಕಣ್ಣೀರು ಹಾಕಿದ್ದು ಪೇಪರಿನಲ್ಲಿ ಬಂದಿತ್ತು. ಹಾಗಾಗಿ ನನಗೇನೂ ನಾಚಿಕೆಯಿಲ್ಲ.) ಎರಡನೇ ಸಲ ನೋಡಿದ್ದು ಮೊನ್ನೆ ಮೊನ್ನೆ, ಮನೆಯಲ್ಲಿ, ಲ್ಯಾಪ್‌ಟಾಪಿನಲ್ಲಿ. ಈ ಸಲ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಸಿನಿಮಾದ ಮೇಲೆ ಎಷ್ಟು, ನನ್ನ ಮೇಲೆ ಎಷ್ಟು ಅಂತ ಲೆಕ್ಕ ಹಾಕೋಕೆ ಕೂತಿದ್ದೇನೆ.

ಎರಡರ ನಡುವೆ ನಮ್ಮ ಮನೆಗೊಂದು ಲ್ಯಾಬ್ರಡಾರ್ ಮರಿ ಬಂದಿತ್ತು. ಬಣ್ಣ ನೋಡಿ ಹೆಂಡತಿ ಶೇಂಗಾ ಅಂತ ಹೆಸರಿಟ್ಟಳು. ಊರಿಗೆ ಫೋನ್ ಮಾಡಿ ಹೇಳಿದರೆ ಅವ್ವ ನಕ್ಕಿದ್ದೇ ನಕ್ಕಿದ್ದು. “ನಾಯಿಗೆ ಶೇಂಗಾ ಅಂತ ಹೆಸರಿಡತಾರೇನೋ ತಮ್ಮಾ, ಬೆಲ್ಲಾನೂ ತಂದ್ಬಿಡು.”

ಸಿನಿಮಾ ಏನು ಹೇಳುತ್ತದೆ, ನೋಡಿ. ಧರ್ಮ ಒಂಟಿ ಮನುಷ್ಯ. ಮೈಸೂರಿನಲ್ಲಿ ಕಾರ್ಖಾನೆ ಕೆಲಸ, ಇಡ್ಲಿ, ಬೀರು, ಸಿಗರೇಟು, ಚಾಪ್ಲಿನ್ ಸಿನಿಮಾ. ಅಲ್ಲಿಗೆ ಕ್ರೂರಿ ಬ್ರೀಡರನಿಂದ ತಪ್ಪಿಸಿಕೊಂಡ ಒಂದು ಲ್ಯಾಬ್ರಡಾರ್ ಬರುತ್ತದೆ. ಮನೆಯನ್ನೆಲ್ಲ ರಾಡಿ ಎಬ್ಬಿಸುತ್ತದೆ. ಇವನು ಬೈಯುತ್ತಾನೆ, ತೊಲಗಿಸಲು ನೋಡುತ್ತಾನೆ, ಆಮೇಲೆ ಕರಗುತ್ತಾನೆ. ಅಲ್ಲಿಂದ ಮುಂದೆ ನಾಯಿ ಇವನ ಮನಸ್ಸನ್ನೇ ಓದತೊಡಗುತ್ತದೆ. ಕೊನೆಗೆ ಹಿಮ ತೋರಿಸಲು ಅದನ್ನು ಬೈಕಿನ ಪಕ್ಕದ ತೊಟ್ಟಿಲಲ್ಲಿ ಕೂರಿಸಿಕೊಂಡು ಉತ್ತರಕ್ಕೆ ಹೊರಡುತ್ತಾನೆ. ನಿರ್ದೇಶಕ ಕಿರಣ್‌ರಾಜ್ ಕೆ. ಒಂದು ವಿಷಯದಲ್ಲಿ ಎಲ್ಲೂ ಜಾರಿಲ್ಲ. ದುಡ್ಡಿಗಾಗಿ ಒಂದೇ ರಕ್ತದ ನಾಯಿಗಳನ್ನು ಕೂಡಿಸಿ ಮರಿ ಮಾಡಿಸುವವರ ಪಾಪ ನಾಯಿಯ ಮೈಯಲ್ಲಿ ಕಾಯಿಲೆಯಾಗಿ ಬರುತ್ತದೆ ಅನ್ನೋದನ್ನು ಕಮರ್ಷಿಯಲ್ ಸಿನಿಮಾದೊಳಗೆ ನಿಂತು ಹೇಳುವುದು ಸುಲಭವಲ್ಲ. ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂದದ್ದು ನನಗೂ ಖುಷಿಯೇ.

ನನ್ನ ತಕರಾರು ಬೇರೆ ಕಡೆ ಇದೆ. ಕಾಟ ಕೊಡುವ ಚಾರ್ಲಿಗೂ ಮಾತು ಕೇಳುವ ಚಾರ್ಲಿಗೂ ನಡುವೆ ಏನು ನಡೆಯಿತು? ಸಿನಿಮಾದ ಉತ್ತರ ಒಂದೇ: ಪ್ರೀತಿ. ಮನುಷ್ಯ ಬದಲಾದ, ನಾಯಿ ತಾನಾಗಿ ಸರಿಹೋಯಿತು. ಆದರೆ ಆ ಪಾತ್ರ ಮಾಡಿದ ನಾಯಿಗೆ ಪ್ರಮೋದ್ ಬಿ.ಸಿ. ಎಂಬ ತರಬೇತುದಾರರಿದ್ದರು. 2017ರಲ್ಲಿ ಘೋಷಣೆಯಾದ ಚಿತ್ರ ತೆರೆಗೆ ಬಂದದ್ದು 2022ರಲ್ಲಿ. ಕೂರು, ನಿಲ್ಲು, ಬೊಗಳು, ಸುಮ್ಮನಿರು, ಕುಂಟು, ಕ್ಯಾಮೆರಾ ಕಡೆ ನೋಡಬೇಡ. ಇಷ್ಟೆಲ್ಲ ಕಲಿತ ನಾಯಿ ಕನ್ನಡ ಸಿನಿಮಾದಲ್ಲಿ ಇನ್ನೊಂದು ನನಗೆ ನೆನಪಿಲ್ಲ. ಅಷ್ಟು ಕಲಿತ ನಾಯಿಯನ್ನೇ ಮುಂದಿಟ್ಟು ‘ಕಲಿಸುವುದೇನೂ ಬೇಡ, ಪ್ರೀತಿಸಿ ಸಾಕು’ ಅನ್ನುವ ಕತೆ ಹೇಳಿದ್ದಾರೆ. ಥಿಯೇಟರಿನಲ್ಲಿ ಇದು ಹೊಳೆಯಲಿಲ್ಲ. ಶೇಂಗಾ ಮನೆಗೆ ಬಂದು ಹತ್ತನೇ ದಿನಕ್ಕೆ ಹೊಳೆಯಿತು.

ಪ್ರೀತಿಯಲ್ಲಿ ನಾವೇನೂ ಕಡಿಮೆ ಮಾಡಿರಲಿಲ್ಲ. ಆದರೂ ಅದು ಸೋಫಾ ಹರಿದಿತ್ತು, ಲ್ಯಾಪ್‌ಟಾಪಿನ ಚಾರ್ಜರು ಕಡಿದಿತ್ತು, ಮೇಲಿನ ಮನೆಯ ಮಗುವಿನ ಮೇಲೆ ಹಾರಿತ್ತು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ನಮ್ಮ ಫ್ಲ್ಯಾಟ್ ನಂಬರ್ ದಿನಾ ಬರತೊಡಗಿತು. ಸ್ಟ್ಯಾಂಡಪ್ ಮೀಟಿಂಗಿನ ನಡುವೆ ಮ್ಯೂಟ್ ಒತ್ತಿ ಒತ್ತಿ ಸಾಕಾಗಿ, ನನ್ನಂಥವರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಔಟ್‌ಸೋರ್ಸ್ ಮಾಡಿದೆ.

ಊರಾಚೆ ಒಂದು ಫಾರ್ಮಿನಲ್ಲಿ ಮೂರು ವಾರ ಇಟ್ಟುಕೊಂಡು ತರಬೇತಿ. ಫೀಜು ನಮ್ಮ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ. ‘ಮಧ್ಯ ಬಂದು ನೋಡಬೇಡಿ ಸರ್, ನಿಮ್ಮನ್ನ ನೋಡಿದರೆ ಡಿಸ್ಟರ್ಬ್ ಆಗುತ್ತೆ. ಮನೇಲಿ ನೀವು ಆಲ್ಫಾ ಆಗಬೇಕು, ಈಗ ಅದು ಆಲ್ಫಾ ಆಗಿದೆ’ ಅಂದರು. ಆಲ್ಫಾ ಅಂದ ಕೂಡಲೇ ನನಗೆ ಏನೋ ವಿಜ್ಞಾನ ಕೇಳಿದ ಸಮಾಧಾನ. ದಿನಾ ಸಂಜೆ ಎಂಟು ಹತ್ತು ಸೆಕೆಂಡಿನ ವಿಡಿಯೋ ಬರುತ್ತಿತ್ತು. ‘ಸಿಟ್’ ಅಂದರೆ ಕೂತಿತು. ‘ಡೌನ್’ ಅಂದರೆ ಮಲಗಿತು. ನಾನದನ್ನು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದೆ.

ಈಗ ಅದೇ ವಿಡಿಯೋ ನೋಡಿದರೆ ಬೇರೆ ಕಾಣುತ್ತದೆ. ಕಿವಿ ಹಿಂದಕ್ಕೆ ಅಂಟಿದೆ, ಬಾಲ ಕಾಲ ಸಂದಿಯಲ್ಲಿದೆ, ನಾಲಿಗೆ ಮತ್ತೆ ಮತ್ತೆ ಮೂಗು ನೆಕ್ಕುತ್ತಿದೆ. ಮನೆಗೆ ವಾಪಸು ಬಂದ ಶೇಂಗಾ ತುಂಬಾ ಸಂಭಾವಿತ. ಸೋಫಾ ಮುಟ್ಟಲಿಲ್ಲ, ಮಗುವಿನ ಮೇಲೆ ಹಾರಲಿಲ್ಲ. ನಾನು ಆಫೀಸಿನಿಂದ ಬಂದು ಪ್ಯಾಂಟಿನ ಬೆಲ್ಟ್ ಬಿಚ್ಚಿದರೆ, ಹೇಳದೆಯೇ ಕೂರುತ್ತಿತ್ತು. ಎಷ್ಟು ಡಿಸಿಪ್ಲಿನ್ ನೋಡು ಅಂತ ಹೆಂಡತಿಗೆ ನಾನೇ ತೋರಿಸಿದ್ದೇನೆ. ಬರೆಯೋಕೆ ಈಗಲೂ ಕೈ ಬರುವುದಿಲ್ಲ.

ದೀಪಾವಳಿಗೆ ಅದನ್ನು ಕಾರಿನಲ್ಲಿ ನೇಸರಗಿಗೆ ಕರೆದುಕೊಂಡು ಹೋದೆವು. ಅಪ್ಪ ಕಟ್ಟೆಯ ಮೇಲೆ ಕೂತಿದ್ದವರು ಗೋಡೆಗೆ ತೂಗುಹಾಕಿದ್ದ ಬಾರುಕೋಲು ಇಳಿಸಿಕೊಂಡರು, ಹಬ್ಬಕ್ಕೆ ಎಣ್ಣೆ ಹಚ್ಚಿಡೋಕೆ. ಶೇಂಗಾ ಅಂಗಳದ ನಡುವೆ ಕೂತುಬಿಟ್ಟಿತು. ಕೂತಲ್ಲೇ ಉಚ್ಚೆ ಹೊಯ್ದುಕೊಂಡಿತು. ನಾನು ಬೈಯೋಕೆ ಬಾಯಿ ತೆಗೆದೆ. ಅಪ್ಪ ಬಾರುಕೋಲನ್ನು ಬೆನ್ನ ಹಿಂದೆ ಸರಿಸಿಟ್ಟು ಅಂದರು: “ಇದನ್ನ ಯಾರೋ ಬಡದಾರ.”

ಇಲ್ಲಪ್ಪಾ, ಟ್ರೇನಿಂಗ್ ಆಗೇತಿ ಇದಕ್ಕ ಅಂದೆ.

“ನಾನೂ ಎತ್ತಿಗೆ ಹೊಡದೇನಿ. ಹೊಡಸ್ಕೊಂಡಿದ್ದು ಹೆಂಗ ನಿಂದರತದ ಅಂತ ನಂಗ ಗೊತ್ತಾಗಂಗಿಲ್ಲೇನ?”

ಹಳ್ಳಿಯವರಿಗೆ ಪ್ರಾಣಿ ಅಂದರೆ ಜೀವ ಅಂತೆಲ್ಲ ಬರೆಯುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ನಮ್ಮೂರಲ್ಲಿ ನಾಯಿಗೆ ಕಲ್ಲು ಬೀಳುವುದನ್ನು ನೋಡುತ್ತಲೇ ಬೆಳೆದವನು ನಾನು, ಒಂದೆರಡು ಕಲ್ಲು ನನ್ನವೂ ಇವೆ. ಅಪ್ಪನಿಗೆ ಗೊತ್ತಾದದ್ದು ಪ್ರೀತಿಯಿಂದಲ್ಲ, ಅನುಭವದಿಂದ. ಆದರೆ ಕಲಿಕೆಯ ಇನ್ನೊಂದು ರೀತಿಯೂ ಅಲ್ಲೇ ಇತ್ತು, ನಾನು ಗಮನಿಸಿರಲಿಲ್ಲ ಅಷ್ಟೆ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುವ ಕುರಿಗಾರರ ನಾಯಿಮರಿ ಹಿಂಡಿನೊಳಗೇ ಬೆಳೆಯುತ್ತದೆ. ದೊಡ್ಡ ನಾಯಿ ಮಾಡಿದ್ದನ್ನು ನೋಡುತ್ತದೆ, ಕುರಿಯ ಮೇಲೆ ಹಾರಿದರೆ ಕುರಿಯಿಂದಲೇ ಗುದ್ದು ತಿನ್ನುತ್ತದೆ, ಸಂಜೆ ನುಚ್ಚಿನ ಗಂಜಿ ಕುಡಿಯುತ್ತದೆ. ಕಲಿಸುವವನೂ ಸಾಕುವವನೂ ಒಬ್ಬನೇ. ಮೂರು ವಾರಕ್ಕೆ ಎಲ್ಲಿಗೋ ಕಳಿಸಿ ರಿಪೇರಿ ಮಾಡಿಸಿ ತರುವ ಮಾತೇ ಇಲ್ಲ.

ನಮ್ಮೂರಿಂದ ಯರಗಟ್ಟಿ, ಲೋಕಾಪುರ ದಾಟಿದರೆ ಮುಧೋಳ. ಮುಧೋಳ ನಾಯಿಯ ಮೇಲೆ 2005ರಲ್ಲಿ ಅಂಚೆಚೀಟಿ ಬಂತು, 2016ರಲ್ಲಿ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. ನಮ್ಮ ಕಡೆ ಎಲ್ಲರಿಗೂ ಇದು ಬಾಯಿಪಾಠ. ಮೀರತ್‌ನಲ್ಲಿ ಅವುಗಳ ಜೊತೆ ದಿನಾ ಹೆಣಗಿದ ಸೈನಿಕರ ಬಗ್ಗೆ ಮಾತ್ರ ಯಾರೂ ಒಂದು ಮಾತು ಆಡಿದ್ದು ಕೇಳಿಲ್ಲ. ತಳಿ ಹೆಚ್ಚೋ ಕಲಿಕೆ ಹೆಚ್ಚೋ ಅಂದರೆ ನಾವು ಯಾವತ್ತೂ ತಳಿಯ ಕಡೆ. ‘ಚಾರ್ಲಿ’ಯೂ ಆ ವಿಷಯದಲ್ಲಿ ನಮ್ಮಂತೆಯೇ. ಬ್ರೀಡರನಿಗೆ ಅದರಲ್ಲಿ ದೊಡ್ಡ ಜಾಗವಿದೆ, ಟ್ರೇನರನಿಗೆ ಟೈಟಲ್ ಕಾರ್ಡಿನಲ್ಲಿ ಒಂದು ಸಾಲು.

ಕಾನೂನೂ ಹೆಚ್ಚುಕಡಿಮೆ ಹೀಗೇ. ನಾಯಿ ಮರಿ ಮಾಡಿ ಮಾರುವವರಿಗೆ 2017ರ ಕೇಂದ್ರದ ನಿಯಮಗಳಿವೆ: ನೋಂದಣಿ ಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಮನೆಯ ನಾಯಿಗೆ ‘ಬುದ್ಧಿ ಕಲಿಸುವವನಿಗೆ’ ಅಂಥ ಯಾವ ಪರವಾನಗಿಯೂ ಬೇಡ. ಒಂದು ಹಗ್ಗ, ಒಂದು ಚೋಕ್ ಚೈನು, ಒಂದು ಇನ್‌ಸ್ಟಾಗ್ರಾಂ ಖಾತೆ ಇದ್ದರೆ ಅಂಗಡಿ ತೆರೆದ ಹಾಗೆ. ಹೊಡೆದದ್ದು ಸಾಬೀತಾದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ನಮ್ಮ ಕ್ಯಾಂಪಸ್ಸಿನಲ್ಲಿ ಆ ದುಡ್ಡಿಗೆ ಕಾಫಿಯೂ ಬರೋದಿಲ್ಲ. ಕರೆಂಟ್ ಹೊಡೆಯುವ ಕಾಲರನ್ನು ವೇಲ್ಸ್ ದೇಶ 2010ರಲ್ಲೇ ನಿಷೇಧಿಸಿತು.

ಆ ಆಲ್ಫಾದ ಕತೆಯನ್ನೂ ಹೇಳಿಬಿಡುತ್ತೇನೆ. ರುಡಾಲ್ಫ್ ಶೆಂಕೆಲ್ ಎಂಬಾತ 1947ರಲ್ಲಿ ಮೃಗಾಲಯದೊಳಗೆ ಕೂಡಿಹಾಕಿದ ತೋಳಗಳನ್ನು ನೋಡಿ ಬರೆದದ್ದು ಅದರ ಮೂಲ. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದನ್ನು ಜನಪ್ರಿಯ ಮಾಡಿದರು. ಅದೇ ಮೆಕ್ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ 1999ರಲ್ಲಿ, ತೋಳದ ಗುಂಪು ಅಂದರೆ ಅಪ್ಪ ಅವ್ವ ಮಕ್ಕಳ ಸಂಸಾರ, ಆಲ್ಫಾ ಅನ್ನೋ ಮಾತು ಇಲ್ಲಿ ಸಲ್ಲ ಅಂತ ಬರೆದರು. ಅದಾಗಿ ಐದು ವರ್ಷಕ್ಕೆ ಸೀಸರ್ ಮಿಲಾನ್‌ನ ಟಿವಿ ಕಾರ್ಯಕ್ರಮ ಶುರುವಾಗಿ ಹಳೆಯ ಮಾತನ್ನೇ ಮನೆಮನೆಗೆ ಮುಟ್ಟಿಸಿತು. ಬಗ್ ಫಿಕ್ಸ್ ಆಗಿದೆ, ಆದರೆ ಎಲ್ಲರ ಮನೆಯಲ್ಲೂ ಓಡುತ್ತಿರುವುದು ಹಳೇ ವರ್ಷನ್.

ನಮ್ಮ ಕಸುಬಿನಲ್ಲಿ ಇದಕ್ಕೊಂದು ಹೋಲಿಕೆ ಇದೆ. ಟೆಸ್ಟ್ ಪಾಸ್ ಆಗಲಿ ಅಂತ ಉತ್ತರವನ್ನೇ ಕೋಡಿನಲ್ಲಿ ಬರೆದಿಡುವ ಕಿಲಾಡಿಗಳಿರುತ್ತಾರಲ್ಲ, ಹಾಗೆ. ‘ಸಿಟ್’ ಅಂದರೆ ಕೂತಿತೇ? ಪಾಸ್. ಯಾಕೆ ಕೂತಿತು ಅಂತ ಯಾರೂ ನೋಡುವುದಿಲ್ಲ. ಆ ವಿಡಿಯೋಗಳು ಇದ್ದದ್ದೇ ನಾನು ಆ ಪ್ರಶ್ನೆ ಕೇಳದಿರಲಿ ಅಂತ.

ಊರಿಂದ ಬಂದ ಮೇಲೆ ನಮ್ಮ ಪಶುವೈದ್ಯರನ್ನು ಕೇಳಿ, ಇನ್ನೊಬ್ಬರನ್ನು ಹುಡುಕಿದೆವು. ಅದಕ್ಕೆ ಮೊದಲು ನಾಲ್ಕು ಜನರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ‘ಹೇಳಿದ್ದು ಮಾಡದಿದ್ದರೆ ನೀವು ಅದಕ್ಕೆ ಏನು ಮಾಡ್ತೀರಿ?’ ಇಬ್ಬರು ‘ಸ್ವಲ್ಪ ಕರೆಕ್ಷನ್ ಕೊಡ್ತೀವಿ’ ಅಂದರು. ಕರೆಕ್ಷನ್ ಅಂದರೇನು ಅಂದದ್ದಕ್ಕೆ ಒಬ್ಬರು ಫೋನೇ ಇಟ್ಟರು. ಮೂರನೆಯವರು ಗ್ಯಾರಂಟಿ ಕೊಟ್ಟರು, ಇಪ್ಪತ್ತೊಂದು ದಿನಕ್ಕೆ. ನಾಲ್ಕನೆಯಾಕೆ, “ಏನೂ ಮಾಡಲ್ಲ ಸರ್. ಅದಕ್ಕೆ ಅರ್ಥ ಆಗಿಲ್ಲ ಅಂತ. ಇನ್ನೂ ಸುಲಭ ಮಾಡಿ ಕೇಳ್ತೀನಿ. ಆದರೆ ನಾಯಿ ಒಂದನ್ನೇ ಕಳಿಸಬೇಡಿ, ನೀವೂ ಬರಬೇಕು” ಅಂದರು. ಭಾನುವಾರ ಬೆಳಗ್ಗೆ ಏಳಕ್ಕೆ. ನಾನು ಗೊಣಗಿದೆ, ಹೋದೆ.

ಮರಿ ಬಂದ ಹೊಸತರಲ್ಲೇ ಹೋಗಬೇಕಿತ್ತು ಅಂತ ಅಲ್ಲಿ ತಿಳಿಯಿತು. ಲಸಿಕೆ ಎಲ್ಲ ಮುಗಿಯಲಿ ಅಂತ ಕಾಯುತ್ತ ನಾವು ಮೂರು ತಿಂಗಳು ಅದನ್ನು ಫ್ಲ್ಯಾಟಿನಲ್ಲೇ ಇಟ್ಟಿದ್ದೆವು. ನಾಯಿಮರಿ ಜಗತ್ತನ್ನು ನಂಬಲು ಕಲಿಯುವುದು ಹೆಚ್ಚಾಗಿ ಹುಟ್ಟಿದ ಮೊದಲ ಮೂರು ತಿಂಗಳಲ್ಲೇ ಅಂತೆ. ಮೊದಲ ಲಸಿಕೆ ಹಾಕಿಸಿ ಒಂದು ವಾರವಾದರೆ, ಬೇರೆ ಮರಿಗಳಿಗೂ ಲಸಿಕೆ ಆಗಿದ್ದು ಜಾಗ ಚೊಕ್ಕಟವಿದ್ದರೆ, ಏಳೆಂಟು ವಾರದ ಮರಿಯನ್ನೂ ಕ್ಲಾಸಿಗೆ ಒಯ್ಯಬಹುದು ಎನ್ನುತ್ತದೆ ಅಮೆರಿಕದ ಪ್ರಾಣಿವರ್ತನೆ ಪಶುವೈದ್ಯರ ಸಂಘ. ಹೊಡೆತ, ಚೈನು, ಶಾಕು ಯಾವುದೂ ಬೇಡ, ಸರಿ ಮಾಡಿದ್ದಕ್ಕೆ ಬಹುಮಾನ ಕೊಟ್ಟೇ ಕಲಿಸಿ ಅಂತ 2021ರಲ್ಲಿ ಅದೇ ಸಂಘ ಹೇಳಿದೆ.

ಈಗ ಕೋಳಿ ಚೂರು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತೇನೆ. ಬಾ ಅಂದರೆ ಹತ್ತರಲ್ಲಿ ಆರು ಸಲ ಬರುತ್ತದೆ. ಉಳಿದ ನಾಲ್ಕು ಸಲ ಪಾರ್ಕಿನ ಬೆಕ್ಕಿನ ಹಿಂದೆ ಹೋಗುತ್ತದೆ, ನಾನು ಅದರ ಹಿಂದೆ. ಅಪ್ಪ ಫೋನಿನಲ್ಲಿ “ನಿನ್ನ ಸಾಲಿ ಎಲ್ಲಿಗೆ ಬಂತೋ?” ಅಂತ ಕೇಳುತ್ತಾರೆ, ನಾಯಿಯದ್ದಲ್ಲ, ನನ್ನದು.

ಎರಡನೇ ಸಲ ‘ಚಾರ್ಲಿ’ ನೋಡುವಾಗ ಶೇಂಗಾ ಕಾಲ ಬಳಿ ಮಲಗಿತ್ತು. ಕೆಲವು ಶಾಟುಗಳಲ್ಲಿ ಚಾರ್ಲಿಯ ಕಣ್ಣು ರಕ್ಷಿತ್ ಶೆಟ್ಟಿಯ ಮೇಲಲ್ಲ, ಅವರ ಭುಜದಾಚೆ ಎಲ್ಲೋ ಇದ್ದ ಹಾಗೆ ನನಗನ್ನಿಸಿತು. ಅಲ್ಲಿ ಫ್ರೇಮಿನ ಹೊರಗೆ ಯಾರೋ ಕೈಯಲ್ಲಿ ತಿಂಡಿ ಹಿಡಿದು ನಿಂತಿರಬೇಕು. ಸಿನಿಮಾ ಮುಗಿದು ಬಟ್ಟೆ ಬದಲಿಸೋಕೆ ಎದ್ದೆ. ಬೆಲ್ಟ್ ಬಿಚ್ಚುವುದು ಈಗಲೂ ಬಾತ್‌ರೂಮಿನ ಬಾಗಿಲು ಹಾಕಿಕೊಂಡೇ.